ಗಣಕಯಂತ್ರ ಚಾಲನೆಗೊಳ್ಳದಿದ್ದಾಗ ಕಡತಗಳನ್ನು ಉಳಿಸಿಕೊಳ್ಳುವ ಕ್ರಮ: ರಕ್ಷಣಾ ಡಿಸ್ಕ್ ಬಳಕೆಯ ಬಗ್ಗೆ ಅರ್ಜಿದಾರರಿಗೆ ಮಾಹಿತಿ

ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳಲ್ಲಿ ವಿವಿಧ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಅನೇಕರು ತಮ್ಮ ದಾಖಲೆಗಳ ಸ್ಕ್ಯಾನ್ ಪ್ರತಿಗಳನ್ನು ಮನೆಯ ಅಥವಾ ಅಂಗಡಿಯ ಗಣಕಯಂತ್ರದಲ್ಲಿ ಇಟ್ಟುಕೊಂಡಿರುತ್ತಾರೆ. ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿರುವಾಗಲೇ ಗಣಕಯಂತ್ರವು ಚಾಲನೆಗೊಳ್ಳದೆ ನೀಲಿ ಅಥವಾ ಕಪ್ಪು ಪರದೆ ಮಾತ್ರ ಕಾಣಿಸುವುದು ಅಪರೂಪವೇನಲ್ಲ. ಅಂತಹ ಸಂದರ್ಭದಲ್ಲಿ ದುರಸ್ತಿಗೆ ಕೊಂಡೊಯ್ದವರಿಗೆ ಸಾಮಾನ್ಯವಾಗಿ ದೊರೆಯುವ ಉತ್ತರವೆಂದರೆ "ಫಾರ್ಮ್ಯಾಟ್ ಮಾಡಬೇಕು" ಎಂಬುದು. ಫಾರ್ಮ್ಯಾಟ್ ಮಾಡಿದಲ್ಲಿ ಯಂತ್ರವು ಚಾಲನೆಗೊಳ್ಳುತ್ತದೆಯಾದರೂ ಅದರಲ್ಲಿದ್ದ ಕಡತಗಳು ಅಳಿದುಹೋಗುತ್ತವೆ. ಚಾಲನೆಗೊಳ್ಳದ ಯಂತ್ರದ ಕಡತಗಳು ಬಹುತೇಕ ಸಂದರ್ಭಗಳಲ್ಲಿ ಹಾಗೆಯೇ ಇರುತ್ತವೆ ಮತ್ತು ಅವುಗಳನ್ನು ಖರ್ಚಿಲ್ಲದೆ ಹೊರತೆಗೆಯಬಹುದು ಎಂಬುದನ್ನು ಅರ್ಜಿದಾರರು ತಿಳಿದಿರುವುದು ಅಗತ್ಯವಾದ್ದರಿಂದ ಈ ವಿವರಣೆಯನ್ನು ನೀಡಲಾಗಿದೆ.

ಯಾವುದು ನಷ್ಟವಾಗುವುದಿಲ್ಲ

ಈಗಾಗಲೇ ಸಲ್ಲಿಸಿರುವ ಅರ್ಜಿಯು ಅರ್ಜಿದಾರರ ಗಣಕಯಂತ್ರದಲ್ಲಾಗಲಿ, ಸೇವಾ ಕೇಂದ್ರದ ನಿರ್ವಾಹಕರ ಗಣಕಯಂತ್ರದಲ್ಲಾಗಲಿ ಇರುವುದಿಲ್ಲ. ಅದು ಸರ್ಕಾರದ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ 2011ರ ವ್ಯಾಪ್ತಿಗೆ ಬರುವ ಸೇವೆಗಳಿಗೆ 15 ಅಂಕಿಗಳ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ನೀಡಲಾಗುತ್ತದೆ. ಆದ್ದರಿಂದ "ನಮ್ಮ ಕಂಪ್ಯೂಟರ್ ಕೆಟ್ಟಿದೆ, ನಿಮ್ಮ ಅರ್ಜಿ ಹೋಯಿತು" ಎಂದು ಯಾರಾದರೂ ಹೇಳಿದಲ್ಲಿ ಅದನ್ನು ಒಪ್ಪಬೇಕಾಗಿಲ್ಲ. ಸದರಿ ಸಂಖ್ಯೆಯ ಮೂಲಕ ಅರ್ಜಿಯ ಸ್ಥಿತಿಯನ್ನು ಬೇರೆ ಯಾವುದೇ ಯಂತ್ರದಿಂದ ನೋಡಬಹುದು. ನಾಡಕಚೇರಿಯಿಂದ ಪಡೆದ ಜಾತಿ ಹಾಗೂ ಆದಾಯ ಪ್ರಮಾಣ ಪತ್ರಗಳಿಗೂ ಇದು ಅನ್ವಯಿಸುತ್ತದೆ. ಆರ್.ಡಿ. ಎಂದು ಆರಂಭವಾಗುವ ಪ್ರಮಾಣ ಪತ್ರ ಸಂಖ್ಯೆಯನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಂಡರೆ ಸಾಕು. ರಾಜ್ಯ ವಿದ್ಯಾರ್ಥಿವೇತನದ ಜಾಲತಾಣದಲ್ಲಿ ಕೇಳಲಾಗುವುದೂ ಈ ಸಂಖ್ಯೆಯನ್ನೇ.

ಪಹಣಿಯ ವಿಷಯದಲ್ಲೂ ಆತಂಕಕ್ಕೆ ಕಾರಣವಿಲ್ಲ. ಹಿಂದೆ ಗ್ರಾಮ ಲೆಕ್ಕಾಧಿಕಾರಿಗಳ ಬಳಿ ಕೈಬರಹದಲ್ಲಿದ್ದ ಪಹಣಿಗಳನ್ನು 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ 177 ತಾಲ್ಲೂಕುಗಳಲ್ಲಿ ಗಣಕೀಕರಿಸಲಾಯಿತು. ಇಂದು ಅದರ ಪ್ರತಿಯನ್ನು ಎಷ್ಟು ಬಾರಿ ಬೇಕಾದರೂ ಪಡೆಯಬಹುದು.

ನಷ್ಟವಾಗುವುದು ಬೇರೆಯದು. ಅಜ್ಜನ ಕಾಲದ ಕೈಬರಹದ ವಾಟ್ನಿ ಪತ್ರದ ಸ್ಕ್ಯಾನ್ ಪ್ರತಿ, ತೀರಿಹೋದವರ ಭಾವಚಿತ್ರ, ಮೂಲಪ್ರತಿ ಹರಿದುಹೋದ ಶಾಲಾ ದಾಖಲೆ, ಬ್ಯಾಡಗಿಯ ಮೆಣಸಿನಕಾಯಿ ವರ್ತಕರ ಅಥವಾ ರಾಣೇಬೆನ್ನೂರಿನ ಬೀಜ ಮಾರಾಟಗಾರರ ಲೆಕ್ಕಪತ್ರ, ಇವು ಯಾವ ಸರ್ವರ್‌ನಲ್ಲೂ ಇರುವುದಿಲ್ಲ. ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 36ನೇ ಪ್ರಕರಣದಂತೆ ನೋಂದಾಯಿತ ವರ್ತಕರು ಲೆಕ್ಕಪುಸ್ತಕಗಳನ್ನು ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡತಕ್ಕದ್ದು. ರೋಕಡಿ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಪೂಜೆಗಿಡುವ ಅಂಗಡಿಗಳಲ್ಲಿಯೇ ಗಣಕಯಂತ್ರದ ಲೆಕ್ಕಕ್ಕೆ ಎರಡನೆಯ ಪ್ರತಿ ಇಲ್ಲದಿರುವುದು ಕಂಡುಬರುತ್ತದೆ.

ರಕ್ಷಣಾ ಡಿಸ್ಕ್ ಎಂದರೇನು

ಗಣಕಯಂತ್ರದ ಗುಂಡಿಯನ್ನು ಒತ್ತಿದ ಕೂಡಲೇ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನಲ್ಲಿರುವ ಬಯೋಸ್ ಅಥವಾ ಯು.ಇ.ಎಫ್.ಐ. ಎಂಬ ಚಿಕ್ಕ ತಂತ್ರಾಂಶ. ಅದು ಹಾರ್ಡ್ ಡಿಸ್ಕ್, ಸಿ.ಡಿ., ಪೆನ್ ಡ್ರೈವ್ ಇವುಗಳಲ್ಲಿ ಒಂದರಿಂದ ವಿಂಡೋಸ್‌ನಂತಹ ಕಾರ್ಯಾಚರಣಾ ವ್ಯವಸ್ಥೆಯನ್ನು ಹುಡುಕಿ ತೆರೆಯುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿರುವ ವಿಂಡೋಸ್‌ನ ಕೆಲವು ಕಡತಗಳು ಕೆಟ್ಟಿದ್ದಲ್ಲಿ ಯಂತ್ರವು ಮುಂದುವರಿಯುವುದಿಲ್ಲ. ಆದರೆ ಅದೇ ಡಿಸ್ಕ್‌ನ ಬೇರೆ ಭಾಗದಲ್ಲಿರುವ ಅರ್ಜಿದಾರರ ಕಡತಗಳಿಗೆ ಇದರಿಂದ ಏನೂ ಆಗಿರುವುದಿಲ್ಲ. ಮೆಣಸಿನಕಾಯಿ ಗೋದಾಮಿನ ಮುಂಬಾಗಿಲ ಬೀಗ ಕೆಟ್ಟರೆ ಒಳಗಿನ ಚೀಲಗಳು ಕೆಡುವುದಿಲ್ಲ. ಹಿಂಬಾಗಿಲಿನಿಂದ ಅವನ್ನು ಹೊರಗೆ ಸಾಗಿಸಬಹುದು. ರಕ್ಷಣಾ ಡಿಸ್ಕ್ ಅಂತಹ ಹಿಂಬಾಗಿಲು. ಅದರಲ್ಲಿ ಒಂದು ಸಂಪೂರ್ಣ ಕಾರ್ಯಾಚರಣಾ ವ್ಯವಸ್ಥೆ ಇದ್ದು, ಅದು ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿಯೇ ಕೆಲಸ ಮಾಡುತ್ತದೆ. ಬಳಕೆದಾರರು ಆದೇಶ ನೀಡದ ಹೊರತು ಹಾರ್ಡ್ ಡಿಸ್ಕ್‌ನ ಮೇಲೆ ಏನನ್ನೂ ಬರೆಯುವುದಿಲ್ಲ.

ಇಂತಹ ಡಿಸ್ಕ್‌ಗಳು ಹೊಸವಲ್ಲ. ಜರ್ಮನಿಯ ಕ್ಲಾಸ್ ನಾಪರ್ ಅವರು 2000ನೇ ಇಸವಿಯಲ್ಲಿ ಹೊರತಂದ ನಾಪಿಕ್ಸ್ ಸಿ.ಡಿ. ಈ ಬಗೆಯನ್ನು ಜನಪ್ರಿಯಗೊಳಿಸಿತು. ದುರಸ್ತಿಗೆಂದೇ ರೂಪಿಸಲಾದ ಸಿಸ್ಟಮ್ ರೆಸ್ಕ್ಯೂ 2003ರಿಂದ ದೊರೆಯುತ್ತಿದೆ. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಬಾಸ್ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಬಿಡುಗಡೆ ಮಾಡಿದ್ದು, ಅದರಲ್ಲಿ ಕನ್ನಡಕ್ಕೂ ಅವಕಾಶವಿದೆ. ಮೊದಲ ಬಾರಿ ಬಳಸುವವರಿಗೆ ಉಬುಂಟು ಸುಲಭವಾಗಬಹುದು, ಏಕೆಂದರೆ ಅದರ ಪರದೆ ವಿಂಡೋಸ್ ಬಲ್ಲವರಿಗೆ ಹೆಚ್ಚು ಅಪರಿಚಿತವೆನಿಸುವುದಿಲ್ಲ. ಇವೆಲ್ಲವೂ ಉಚಿತ. ಇವುಗಳ ಸಿ.ಡಿ.ಯನ್ನು ಮಾಡಿಕೊಡುವವರು ಖಾಲಿ ಸಿ.ಡಿ.ಯ ಮತ್ತು ಶ್ರಮದ ಬೆಲೆಯನ್ನು ಕೇಳಬಹುದು.

ತಯಾರಿಸುವ ಕ್ರಮ

ಡಿಸ್ಕ್‌ನ್ನು ಸುಸ್ಥಿತಿಯಲ್ಲಿರುವ ಮತ್ತೊಂದು ಗಣಕಯಂತ್ರದಲ್ಲಿ ತಯಾರಿಸಬೇಕು. ತಯಾರಕರ ಅಧಿಕೃತ ಜಾಲತಾಣದಿಂದ ಐ.ಎಸ್.ಓ. ಎಂಬ ಒಂದೇ ದೊಡ್ಡ ಕಡತವನ್ನು ಇಳಿಸಿಕೊಳ್ಳತಕ್ಕದ್ದು. ಇಲ್ಲಿ ಬಹಳ ಜನರು ಮಾಡುವ ತಪ್ಪು ಒಂದಿದೆ. ಈ ಕಡತವನ್ನು ಹಾಡು ಅಥವಾ ಚಿತ್ರದಂತೆ ಸಿ.ಡಿ.ಗೆ ನಕಲು ಮಾಡಿದಲ್ಲಿ ಅದರಿಂದ ಯಂತ್ರವು ಚಾಲನೆಗೊಳ್ಳುವುದಿಲ್ಲ. "ಡಿಸ್ಕ್ ಇಮೇಜ್" ಎಂಬ ಆಯ್ಕೆಯ ಮೂಲಕವೇ ಬರೆಯಬೇಕು. ಈಗಿನ ಆವೃತ್ತಿಗಳು 700 ಎಂ.ಬಿ.ಯ ಸಿ.ಡಿ.ಯಲ್ಲಿ ಹಿಡಿಸುವುದಿಲ್ಲವಾದ್ದರಿಂದ ಡಿ.ವಿ.ಡಿ. ಅಥವಾ 8 ಜಿ.ಬಿ.ಯ ಪೆನ್ ಡ್ರೈವ್ ಬೇಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಇಡುವ ಜಾಗವೇ ಇಲ್ಲದಿರುವುದರಿಂದ ಪೆನ್ ಡ್ರೈವ್ ಹೆಚ್ಚು ಉಪಯುಕ್ತ. ರೂಫಸ್ ಅಥವಾ ಎಚರ್ ಎಂಬ ಉಚಿತ ತಂತ್ರಾಂಶಗಳು ಈ ಕೆಲಸವನ್ನು ಮಾಡುತ್ತವೆ. ಆದರೆ ಪೆನ್ ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲವೂ ಅಳಿಸಿಹೋಗುತ್ತದೆ ಎಂಬುದನ್ನು ಗಮನಿಸತಕ್ಕದ್ದು. ಡಿಸ್ಕ್ ತಯಾರಿಸಲು ಸೂಕ್ತ ಸಮಯವೆಂದರೆ ಯಂತ್ರವು ಚೆನ್ನಾಗಿರುವಾಗಲೇ.

ಬಳಸುವ ಕ್ರಮ

ಡಿಸ್ಕ್ ಅಥವಾ ಪೆನ್ ಡ್ರೈವ್‌ನ್ನು ಅಳವಡಿಸಿ, ಯಂತ್ರವನ್ನು ಚಾಲನೆ ಮಾಡಿದ ತಕ್ಷಣ ಆಯ್ಕೆಯ ಕೀಲಿಯನ್ನು ಪದೇ ಪದೇ ಒತ್ತಬೇಕು. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಎಫ್12, ಎಚ್.ಪಿ. ಯಂತ್ರಗಳಲ್ಲಿ ಎಸ್ಕೇಪ್ ಅಥವಾ ಎಫ್9. ಕಾಣಿಸುವ ಪಟ್ಟಿಯಲ್ಲಿ ಡಿ.ವಿ.ಡಿ. ಅಥವಾ ಯು.ಎಸ್.ಬಿ. ಎಂಬುದನ್ನು ಆರಿಸಬೇಕು. ಉಬುಂಟು ತೆರೆದುಕೊಂಡಾಗ "ಟ್ರೈ" ಮತ್ತು "ಇನ್‌ಸ್ಟಾಲ್" ಎಂಬ ಎರಡು ಆಯ್ಕೆಗಳು ಬರುತ್ತವೆ. "ಟ್ರೈ" ಎಂಬುದನ್ನು ಮಾತ್ರ ಆರಿಸತಕ್ಕದ್ದು. "ಇನ್‌ಸ್ಟಾಲ್" ಆರಿಸಿ ಮುಂದುವರಿದಲ್ಲಿ ಯಾವ ಕಡತಗಳನ್ನು ಉಳಿಸಲು ಹೊರಟಿದ್ದೇವೆಯೋ ಅವೇ ಅಳಿಸಿಹೋಗಬಹುದು.

ಮುಂದೆ ಕಡತಗಳನ್ನು ಹುಡುಕುವಾಗ ವಿಂಡೋಸ್‌ನ ಸಿ, ಡಿ ಎಂಬ ಹೆಸರುಗಳು ಅಲ್ಲಿ ಕಾಣುವುದಿಲ್ಲ. ಡಿಸ್ಕ್‌ನ ಭಾಗಗಳನ್ನು ಅವುಗಳ ಗಾತ್ರದಿಂದ ಗುರುತಿಸಬೇಕು. "ಯೂಸರ್ಸ್" ಎಂಬ ಕೋಶದೊಳಗೆ ಬಳಕೆದಾರರ ಹೆಸರಿನಡಿ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇರುತ್ತವೆ. ಇವನ್ನು ಹೊರಗಿನ ಮತ್ತೊಂದು ಹಾರ್ಡ್ ಡಿಸ್ಕ್ ಅಥವಾ ಪೆನ್ ಡ್ರೈವ್‌ಗೆ ನಕಲು ಮಾಡಬೇಕು. "ಓದಲು ಮಾತ್ರ" ಎಂಬ ಸೂಚನೆ ಬಂದಲ್ಲಿ ಗಾಬರಿ ಬೇಡ. ವಿಂಡೋಸ್ ಪೂರ್ಣವಾಗಿ ಮುಚ್ಚಿಕೊಳ್ಳದಿದ್ದಾಗ ಹೀಗಾಗುತ್ತದೆ, ನಕಲು ಮಾಡಲು ಅದರಿಂದ ಅಡ್ಡಿಯಿಲ್ಲ.

ಕನ್ನಡದ ಕಡತಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಸಿದ್ಧಪಡಿಸಿದ ಪತ್ರಗಳನ್ನು ರಕ್ಷಣಾ ಡಿಸ್ಕ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು ಕಾಣಿಸುತ್ತವೆ. ಕಡತ ಕೆಟ್ಟಿದೆ ಎಂದು ಭಾವಿಸಿ ಅದನ್ನು ಬಿಟ್ಟುಬಿಡುವವರಿದ್ದಾರೆ. ಅದು ಕೆಟ್ಟಿರುವುದಿಲ್ಲ, ಆ ಅಕ್ಷರಶೈಲಿ ಅಲ್ಲಿ ಇಲ್ಲ, ಅಷ್ಟೆ. ನಕಲು ಮಾಡಿಕೊಂಡು ನುಡಿ ಇರುವ ಬೇರೆ ಯಂತ್ರದಲ್ಲಿ ತೆರೆದರೆ ಪತ್ರವು ಮೊದಲಿನಂತೆಯೇ ಕಾಣುತ್ತದೆ.

ಬಿಟ್‌ಲಾಕರ್ ಕೀಲಿ

ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ಗೂಢಲಿಪೀಕರಣವು ಬಳಕೆದಾರರಿಗೆ ತಿಳಿಯದಂತೆಯೇ ಚಾಲ್ತಿಯಲ್ಲಿರಬಹುದು. ಆಗ 48 ಅಂಕಿಗಳ ಮರುಪ್ರಾಪ್ತಿ ಕೀಲಿಯಿಲ್ಲದೆ ಯಾವ ರಕ್ಷಣಾ ಡಿಸ್ಕ್‌ನಿಂದಲೂ ಕಡತಗಳನ್ನು ಓದಲಾಗದು. ಇದರ ಬೆಲೆ ಏನೆಂಬುದು 2024ರ ಜುಲೈ 19ರಂದು ಜಗತ್ತಿಗೇ ತಿಳಿಯಿತು. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷಪೂರಿತ ಪರಿಷ್ಕರಣೆಯಿಂದ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ, ಸುಮಾರು 85 ಲಕ್ಷ ಗಣಕಯಂತ್ರಗಳು ನೀಲಿ ಪರದೆಯಲ್ಲಿ ನಿಂತುಹೋದವು; ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ನೀಡಬೇಕಾಯಿತು. ಪರಿಹಾರವಾಗಿ ಮೈಕ್ರೋಸಾಫ್ಟ್ ನೀಡಿದ್ದೂ ಯು.ಎಸ್.ಬಿ.ಯಿಂದ ಚಾಲನೆಗೊಳ್ಳುವ ಇಂತಹದೇ ಒಂದು ಸಾಧನ. ಒಂದು ಕಡತವನ್ನು ತೆಗೆದುಹಾಕಿದರೆ ಮುಗಿಯುವ ಕೆಲಸಕ್ಕೆ ಕೀಲಿ ಸಿಗದೆ ಅನೇಕ ಕಡೆ ವಿಳಂಬವಾಯಿತು. ಸದರಿ ಕೀಲಿಯು ಸಾಮಾನ್ಯವಾಗಿ ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿ ದೊರೆಯುತ್ತದೆ. ಅದನ್ನು ಈಗಲೇ ನೋಡಿ ಮುದ್ರಿಸಿ, ಪಡಿತರ ಚೀಟಿ ಇಡುವಲ್ಲಿಯೇ ಇಡುವುದು ಒಳ್ಳೆಯದು.

ದೋಷವನ್ನು ಗುರುತಿಸುವುದು

ಕಡತಗಳ ನಕಲು ಮುಗಿದ ನಂತರವೇ ದುರಸ್ತಿಗೆ ಕೈಹಾಕಬೇಕು. ರಕ್ಷಣಾ ಡಿಸ್ಕ್‌ನಿಂದ ಯಂತ್ರವು ಸರಾಗವಾಗಿ ನಡೆದಲ್ಲಿ ಮದರ್‌ಬೋರ್ಡ್, ಪರದೆ ಮುಂತಾದ ಯಂತ್ರಾಂಶವು ಬಹುಮಟ್ಟಿಗೆ ಸರಿಯಿದ್ದು, ದೋಷವು ವಿಂಡೋಸ್‌ನಲ್ಲಿ ಅಥವಾ ಹಾರ್ಡ್ ಡಿಸ್ಕ್‌ನಲ್ಲಿ ಇದೆಯೆಂದು ತಿಳಿಯಬಹುದು. ಡಿಸ್ಕ್‌ನಿಂದಲೂ ಯಂತ್ರವು ನಡುವೆ ಸ್ತಬ್ಧವಾದಲ್ಲಿ ಮೆಮ್‌ಟೆಸ್ಟ್ ಎಂಬ ಪರೀಕ್ಷೆಯಿಂದ ಸ್ಮೃತಿಯನ್ನು ತಪಾಸಿಸಬೇಕು. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದಲ್ಲಿ ಮಾತ್ರ ಯಾವ ಪ್ರಯೋಗವನ್ನೂ ಮಾಡಕೂಡದು. ಅದು ಒಳಗಿನ ಯಂತ್ರಭಾಗದ ಹಾನಿ. ಪ್ರತಿ ಪ್ರಯತ್ನದೊಂದಿಗೆ ಉಳಿದ ಕಡತಗಳೂ ಕೈತಪ್ಪುತ್ತವೆ. ಆಗ ವಿದ್ಯುತ್ ತೆಗೆದು, ಪರಿಣತರಲ್ಲಿಗೆ ಒಯ್ಯಬೇಕು. ಸದ್ದಿಲ್ಲದೆ ಕೆಲವು ಕಡತಗಳಷ್ಟೇ ಓದಲು ಸಿಗದಿದ್ದಲ್ಲಿ ಸಿಸ್ಟಮ್ ರೆಸ್ಕ್ಯೂನಲ್ಲಿರುವ ಡಿಡಿರೆಸ್ಕ್ಯೂ ಎಂಬ ಸಾಧನವು ಸುಲಭವಾಗಿ ಓದಬಹುದಾದ ಭಾಗಗಳನ್ನು ಮೊದಲು ನಕಲು ಮಾಡಿ, ಕೆಟ್ಟ ಭಾಗಗಳಿಗೆ ನಂತರ ಮರಳುತ್ತದೆ.

ಸ್ಥಳೀಯ ಕಾರಣಗಳೂ ಇವೆ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಗುಡುಗು ಮಿಂಚಿನಲ್ಲಿ ವಿದ್ಯುತ್ ಹೋಗಿ ಬರುವಾಗ, ಬರೆಯುತ್ತಿದ್ದ ಕಡತವು ಅರ್ಧಕ್ಕೆ ನಿಂತು ವಿಂಡೋಸ್ ಕೆಡುವುದುಂಟು. ಬ್ಯಾಡಗಿಯಲ್ಲಿ ಮಾರುಕಟ್ಟೆಯ ಹಂಗಾಮಿನಲ್ಲಿ ಮೆಣಸಿನಕಾಯಿಯ ಧೂಳು ಮನುಷ್ಯರನ್ನಷ್ಟೇ ಅಲ್ಲ, ಗಣಕಯಂತ್ರದ ಫ್ಯಾನನ್ನೂ ಬಿಡುವುದಿಲ್ಲ; ಫ್ಯಾನ್ ಕಟ್ಟಿಕೊಂಡರೆ ಯಂತ್ರವು ಕಾದು ತಾನಾಗಿಯೇ ಆರುತ್ತದೆ. ಇಂತಹ ಯಂತ್ರಕ್ಕೆ ಬೇಕಾದದ್ದು ಫಾರ್ಮ್ಯಾಟ್ ಅಲ್ಲ, ಕುಂಚ.

ದುರಸ್ತಿಗೆ ಕೊಡುವ ಮುನ್ನ

ವಿಂಡೋಸ್‌ನ ಪಾಸ್‌ವರ್ಡ್ ಇದೆಯೆಂದು ಯಾರೂ ನಿಶ್ಚಿಂತರಾಗಿರುವಂತಿಲ್ಲ. ಗೂಢಲಿಪೀಕರಣವಿಲ್ಲದ ಯಂತ್ರದ ಕಡತಗಳನ್ನು ರಕ್ಷಣಾ ಡಿಸ್ಕ್ ಉಳ್ಳ ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆಯೇ ಓದಬಹುದು. ಮನೆಮಂದಿಯೆಲ್ಲರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಸಹಿಯ ಪ್ರತಿಗಳಿರುವ ಯಂತ್ರವನ್ನು ವಾರಗಟ್ಟಲೆ ಅಪರಿಚಿತರ ಬಳಿ ಬಿಡುವುದು ಸೂಕ್ತವಲ್ಲ. ಒಡೆಯರ ಅನುಮತಿಯಿಲ್ಲದೆ ದತ್ತಾಂಶವನ್ನು ನಕಲು ಮಾಡಿಕೊಳ್ಳುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 43ನೇ ಪ್ರಕರಣದಡಿ ಪರಿಹಾರ ನೀಡಬೇಕಾದ ಕೃತ್ಯವಾಗಿದೆ. ಸಾಧ್ಯವಿದ್ದಲ್ಲಿ ಎದುರಿನಲ್ಲಿಯೇ ಕುಳಿತು ಕೆಲಸ ಮಾಡಿಸಿಕೊಳ್ಳಬೇಕು. ಆಗದಿದ್ದಲ್ಲಿ ಕಡತಗಳನ್ನು ಮೊದಲು ಹೊರತೆಗೆದು, ಫಾರ್ಮ್ಯಾಟ್‌ಗೆ ಲಿಖಿತ ಒಪ್ಪಿಗೆ ನೀಡುವ ಮುನ್ನ ನಕಲಾದ ನಾಲ್ಕಾರು ಕಡತಗಳನ್ನು ಬೇರೆ ಯಂತ್ರದಲ್ಲಿ ತೆರೆದು ನೋಡತಕ್ಕದ್ದು. ಹೆಸರು ಕಂಡ ಮಾತ್ರಕ್ಕೆ ಕಡತ ಪೂರ್ಣವಾಗಿ ಬಂದಿದೆಯೆಂದು ಹೇಳಲಾಗದು.

ಇಷ್ಟೆಲ್ಲ ಮಾಡಲು ಸಮಯವಿಲ್ಲದೆ ಅರ್ಜಿಯ ಕೊನೆಯ ದಿನ ಬಂದೇಬಿಟ್ಟಿದ್ದಲ್ಲಿ, ಗಣಕಯಂತ್ರವನ್ನು ಹಾಗೆಯೇ ಆರಿಸಿಟ್ಟು, ಮೂಲ ದಾಖಲೆಗಳೊಂದಿಗೆ ತಮ್ಮ ಹೋಬಳಿಯ ನಾಡಕಚೇರಿಗೆ ಅಥವಾ ಸಮೀಪದ ಬೇರೊಂದು ಸೇವಾ ಕೇಂದ್ರಕ್ಕೆ ತೆರಳಿ ಅರ್ಜಿ ಸಲ್ಲಿಸಬಹುದು. ಆರಿಸಿಟ್ಟ ಯಂತ್ರದಲ್ಲಿನ ಕಡತಗಳು ಕೆಲವು ದಿನ ಕಾಯಬಲ್ಲವು. ಸ್ವೀಕೃತಿಯನ್ನು ಪಡೆದು, ಅದರ ಮೇಲಿನ ಸಂಖ್ಯೆಯನ್ನು ಮೊಬೈಲಿನಲ್ಲಿ ಮಾತ್ರವಲ್ಲದೆ ಕಾಗದದ ಮೇಲೂ ಬರೆದುಕೊಳ್ಳತಕ್ಕದ್ದು.