ಕೇದಾರ ಯಾತ್ರಿಕರ ಮಲಗುಚೀಲ

ಪಂಚಪೀಠಗಳಲ್ಲೊಂದಾದ ಕೇದಾರ ಕ್ಷೇತ್ರದ ದರ್ಶನಕ್ಕೆ ನಮ್ಮ ಸಮಾಜದ ಅನೇಕ ಕುಟುಂಬಗಳು ಪ್ರತಿವರ್ಷ ಹೊರಡುತ್ತವೆ. ಗೌರೀಕುಂಡದಿಂದ ಸುಮಾರು 16 ಕಿಲೋಮೀಟರು ಏರಿ, 3,500 ಮೀಟರಿಗೂ ಮಿಕ್ಕ ಎತ್ತರವನ್ನು ಮುಟ್ಟಿದವರಿಗೆ ಮಳೆಯೂ ಚಳಿಯೂ ಒಟ್ಟಿಗೇ ಎದುರಾಗುತ್ತವೆ. 2013ರ ಜೂನ್ ತಿಂಗಳ ಮಹಾಪ್ರವಾಹವನ್ನು ನೆನೆದು, ಜುಲೈ-ಆಗಸ್ಟ್ ತಿಂಗಳುಗಳ ಮುಂಗಾರಿನಲ್ಲಿ ಹೋಗದಿರುವುದೇ ಲೇಸು. ಉಳಿದ ಕಾಲದಲ್ಲಿಯೂ ಮಳೆ ಹೇಳಿಕೇಳಿ ಬರುವುದಿಲ್ಲ. ಒದ್ದೆ ಬಟ್ಟೆ, ಒದ್ದೆ ಹಾಸಿಗೆಗಳಲ್ಲಿ ಇರುಳು ಕಳೆದರೆ ದೇಹದ ಶಾಖ ಕುಸಿದು ಪ್ರಾಣಕ್ಕೇ ಅಪಾಯ ಒದಗಬಹುದು. ವೃದ್ಧರಿಗೆ ಈ ಭಯ ಹೆಚ್ಚು.

ಅಂಗಡಿಗಳಲ್ಲಿ ಸ್ಲೀಪಿಂಗ್ ಬ್ಯಾಗ್ ಎಂದು ಮಾರುವ ಮಲಗುಚೀಲಗಳಲ್ಲಿ ಎರಡು ಬಗೆ. ಬಾತುಕೋಳಿಯ ಮೃದು ಪುಕ್ಕ ತುಂಬಿದ ಚೀಲ ಹಗುರ, ಆದರೆ ಬೆಲೆ ಬಹಳ. ತೋಯ್ದರೆ ಪುಕ್ಕ ಮುದ್ದೆಯಾಗಿ ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ. ಬೇಗ ಒಣಗುವುದೂ ಇಲ್ಲ. ಪಾಲಿಯೆಸ್ಟರ್ ನೂಲು ತುಂಬಿದ ಚೀಲ ಕೊಂಚ ಭಾರವಾದರೂ ಅಗ್ಗ. ತೇವ ತಗುಲಿದರೂ ಸ್ವಲ್ಪಮಟ್ಟಿಗೆ ಬೆಚ್ಚಗಿಡುತ್ತದೆ. ಪ್ರಾಣಿಜನ್ಯ ವಸ್ತುವನ್ನು ಬಳಸಲೊಲ್ಲದ ನಮ್ಮ ಮನೆಗಳಿಗೂ ಇದೇ ಒಪ್ಪುವಂಥದು.

ಚೀಲದ ಚೀಟಿಯ ಮೇಲೆ ಹಲವು ಉಷ್ಣಮಾನಗಳಿರುತ್ತವೆ. ಅವುಗಳಲ್ಲಿ 'ಕಂಫರ್ಟ್' ಎಂದಿರುವುದನ್ನೇ ನೋಡಬೇಕು. 'ಎಕ್ಸ್‌ಟ್ರೀಮ್' ಎಂಬುದು ಸುಖನಿದ್ರೆಯ ಅಂಕಿಯಲ್ಲ, ಜೀವ ಉಳಿಯುವ ಕೊನೆಯ ಅಂಚು. ಕೇದಾರಕ್ಕೆ ಕಂಫರ್ಟ್ 0 ಡಿಗ್ರಿ ಸೆಲ್ಸಿಯಸ್ ಇಲ್ಲವೆ ಅದಕ್ಕಿಂತ ಕಡಿಮೆಯಿರುವ ಚೀಲವನ್ನು ಆರಿಸುವುದು ಕ್ಷೇಮ.

ಎಷ್ಟೇ ಬೆಲೆ ತೆತ್ತರೂ ಚೀಲ ಒಣಗಿರದಿದ್ದರೆ ವ್ಯರ್ಥ. ಆದುದರಿಂದ ಅದನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ, ಬೆನ್ನುಚೀಲದೊಳಗೆ ಇಡಬೇಕು. ಮೈಭಾರಕ್ಕೆ ಅಡಿಯ ತುಂಬು ಒತ್ತಿಹೋಗುವುದರಿಂದ ನೆಲದ ಥಂಡಿ ತಡೆಯಲು ಫೋಮ್ ಚಾಪೆ ಅವಶ್ಯ. ಮಲಗುವಾಗ ತೊಡಲೆಂದೇ ಒಂದು ಜೊತೆ ಒಣ ಬಟ್ಟೆ, ಕಾಲುಚೀಲಗಳನ್ನು ಬೇರೆಯಾಗಿ ಕಾದಿರಿಸಬೇಕು. ಮುಸುಕೆಳೆದು ಚೀಲದೊಳಗೆ ಉಸಿರಾಡಬಾರದು. ಉಸಿರಿನ ತೇವವೂ ಚೀಲವನ್ನು ತೋಯಿಸುತ್ತದೆ.

ಒಂದೇ ಯಾತ್ರೆಗಾಗಿ ಕೊಳ್ಳಲೇಬೇಕೆಂದಿಲ್ಲ, ಬಾಡಿಗೆಗೆ ಪಡೆಯಬಹುದು. ಪಡೆಯುವ ಮುನ್ನ ಬಿಡಿಸಿ, ತೇವ, ವಾಸನೆ, ಜಿಪ್ಪುಗಳನ್ನು ಪರೀಕ್ಷಿಸಬೇಕು. ಕೊಂಡವರು ಹಿಂದಿರುಗಿದ ಮೇಲೆ ಚೆನ್ನಾಗಿ ಒಣಗಿಸಿ, ಸುತ್ತಿ ಬಿಗಿಯದೆ ಸಡಿಲವಾಗಿ ಇರಿಸಿದರೆ ಅದು ಹಲವು ವರ್ಷ ಬಾಳುತ್ತದೆ. ನಾಲ್ಕಾರು ಮನೆಗಳು ಕೂಡಿ ಕೊಂಡು, ಮುಂದಿನ ಯಾತ್ರಿಕರಿಗೆ ಸರದಿಯಂತೆ ಕೊಡುತ್ತ ಹೋದರೆ ಖರ್ಚೂ ಹಗುರ. ಬಡ ಭಕ್ತನೊಬ್ಬ ಚಳಿಗೆ ಅಂಜದೆ ಕೇದಾರನ ದರ್ಶನ ಪಡೆದರೆ ಅದೂ ದಾಸೋಹವೇ ಎಂದು ನಾವು ಭಾವಿಸುತ್ತೇವೆ.