ನೆಟ್ ಇಲ್ಲದೆಯೂ ಗೋಡೆಗೇರುವ ಪರದೆ

ಬಸವಕಲ್ಯಾಣವಿರಲಿ, ಹುಮನಾಬಾದ್ ಇರಲಿ, ತಾಲ್ಲೂಕಿನ ತ್ರೈಮಾಸಿಕ ಕೆಡಿಪಿ ಸಭೆ ಎಂದರೆ ಇಲಾಖೆಗೊಬ್ಬರಂತೆ ಎದ್ದು ಪ್ರಗತಿ ವರದಿ ಒಪ್ಪಿಸುವ ಸಭೆ. ತೊಗರಿ, ಸೋಯಾ ಬಿತ್ತನೆ ಎಷ್ಟಾಯಿತು, ಯಾವ ಊರಿನ ಕುಡಿಯುವ ನೀರಿನ ಕಾಮಗಾರಿ ನಿಂತಿದೆ ಎಂಬ ಅಂಕಿ ಓದುವವರ ಕೈಯ ಹಾಳೆಯಲ್ಲೇ ಉಳಿದರೆ ಕೇಳುವವರಿಗೆ ಹಿಡಿತ ಸಿಗದು. ಅದೇ ಅಂಕಿ ಎಲ್ಲರ ಕಣ್ಣೆದುರು ನಿಂತರೆ ಪ್ರಶ್ನೆಗಳೇ ಬದಲಾಗುತ್ತವೆ. ಅದಕ್ಕೆ ಪ್ರತಿಯೊಬ್ಬರೂ ಲ್ಯಾಪ್‌ಟಾಪ್ ಹೊತ್ತು ಪ್ರೊಜೆಕ್ಟರ್ ವೈರಿನ ಬಳಿ ಹೋಗಬೇಕಿಲ್ಲ. ಕೂತಲ್ಲಿಂದಲೇ ಫೋನಿನ ಪರದೆಯನ್ನು ಟಿವಿಗೆ ಕಳಿಸಬಹುದು. ‘ನಮ್ಮ ಕಡೆ ನೆಟ್ ಸರಿಯಿಲ್ಲ, ಅದೆಲ್ಲ ಬೆಂಗಳೂರಿನವರಿಗೆ’ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಈ ಕೆಲಸಕ್ಕೆ ಇಂಟರ್‌ನೆಟ್ ಬೇಕೇ ಬೇಕು ಎಂದೇನಿಲ್ಲ.

ಗಾಳಿಯಲ್ಲಿ ಏನು ಹೋಗುತ್ತದೆ ನೋಡಿ. ಫುಲ್ ಎಚ್‌ಡಿ ಪರದೆಯಲ್ಲಿ ಸಾಲಿಗೆ 1920 ಚುಕ್ಕೆಯಂತೆ 1080 ಸಾಲು, ಅಂದರೆ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆ. ಒಂದು ಚುಕ್ಕೆಯ ಬಣ್ಣ ಹೇಳಲು 24 ಬಿಟ್. ಸೆಕೆಂಡಿಗೆ 60 ಚಿತ್ರ ಎಂದರೆ ಸುಮಾರು 300 ಕೋಟಿ ಬಿಟ್. ಎಚ್‌ಡಿಎಂಐ ವೈರು ಇದನ್ನು ಹೊರುತ್ತದೆ. ಸಾಮಾನ್ಯ ಫೋನಿನ ವೈ-ಫೈಗೆ ಆಗದು. ಆದ್ದರಿಂದ ಫೋನು ಮೊದಲು ಚಿತ್ರವನ್ನು ಕುಗ್ಗಿಸುತ್ತದೆ. 2003ರಲ್ಲಿ ಬಂದ ಎಚ್.264 ಎಂಬ ವಿಧಾನ ಚಿತ್ರವನ್ನು ಪುಟ್ಟ ಚೌಕಗಳಾಗಿ ಒಡೆದು, ಹಿಂದಿನ ಚಿತ್ರಕ್ಕೆ ಹೋಲಿಸಿ, ಬದಲಾದದ್ದನ್ನಷ್ಟೇ ಕಳಿಸುತ್ತದೆ. ಅಂಕಿಗಳ ಕೋಷ್ಟಕ ಅಲುಗಾಡದೆ ನಿಂತಿರುವಾಗ ಕಳಿಸಲು ಹೆಚ್ಚೇನೂ ಇರುವುದಿಲ್ಲ. ವಿಡಿಯೊ ಹಾಕಿದಾಗಲೇ ಹೊರೆ ಏರುವುದು.

ಟಿವಿಗೆ ಚಿತ್ರ ಎರಡು ದಾರಿಯಲ್ಲಿ ಬರಬಹುದು. ಗೊಂದಲ ಹುಟ್ಟುವುದೇ ಇಲ್ಲಿ. 2012ರಲ್ಲಿ ಬಂದ ಮಿರಾಕಾಸ್ಟ್‌ನಲ್ಲಿ ಫೋನು ಮತ್ತು ಟಿವಿ ‘ವೈ-ಫೈ ಡೈರೆಕ್ಟ್’ ಮೂಲಕ ತಮ್ಮಿಬ್ಬರ ನಡುವೆಯೇ ಒಂದು ಸಣ್ಣ ಜಾಲ ಕಟ್ಟಿಕೊಳ್ಳುತ್ತವೆ. ರೂಟರ್ ಬೇಡ, ಸಿಮ್ ಬೇಡ. ಹೆದ್ದಾರಿ ಬದಿಯ ಅಗೆತದಲ್ಲಿ ಕೇಬಲ್ ತುಂಡಾಗಿ ಊರಿಗೂರೇ ನೆಟ್ ಕಳೆದುಕೊಂಡರೂ ಇದಕ್ಕೆ ಬಾಧೆಯಿಲ್ಲ. 2013ರ ಕ್ರೋಮ್‌ಕಾಸ್ಟ್ ಜನಪ್ರಿಯಗೊಳಿಸಿದ ‘ಕಾಸ್ಟ್’ ಬೇರೆ. ಯೂಟ್ಯೂಬ್ ವಿಡಿಯೊ ಕಾಸ್ಟ್ ಮಾಡಿದಾಗ ಫೋನು ಚಿತ್ರ ಕಳಿಸುವುದೇ ಇಲ್ಲ. ಚೀಟಿ ಬರೆದುಕೊಟ್ಟು ಅಂಗಡಿಗೆ ಕಳಿಸಿದ ಹಾಗೆ, ವಿಡಿಯೊದ ವಿಳಾಸ ಕೊಟ್ಟು ಸುಮ್ಮನಾಗುತ್ತದೆ. ಟಿವಿಯೇ ನೆಟ್‌ನಿಂದ ಅದನ್ನು ತರಿಸಿಕೊಳ್ಳುತ್ತದೆ. ನೆಟ್ ಬಿದ್ದರೆ ಅದೂ ನಿಲ್ಲುತ್ತದೆ. ಹಾಗಾಗಿ ಟಿವಿ ಕೊಳ್ಳುವಾಗ ‘ಸ್ಮಾರ್ಟ್’ ಎಂಬ ಹೆಸರಿಗೆ ಮರುಳಾಗದೆ ಮಿರಾಕಾಸ್ಟ್ ಇದೆಯೇ ಎಂದು ಕೇಳಬೇಕು. ಐಫೋನ್‌ಗೆ ಮಿರಾಕಾಸ್ಟ್ ಬರುವುದಿಲ್ಲ, ಅದಕ್ಕೆ ಏರ್‌ಪ್ಲೇ ಬೇಕು. ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲೂ ಮಿರಾಕಾಸ್ಟ್ ಇಲ್ಲ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಗುಂಡಿಯ ಜೊತೆ ‘ಕೆ’ ಒತ್ತಿದರೆ ಸುತ್ತಲಿನ ಟಿವಿಗಳ ಹೆಸರು ಬರುತ್ತವೆ.

ಖಾಲಿ ಸಭಾಂಗಣದಲ್ಲಿ ಚೆನ್ನಾಗಿ ಬಂದ ಚಿತ್ರ ಮಂದಿ ತುಂಬಿದ ಮೇಲೆ ಚೌಕಚೌಕವಾಗಿ ಒಡೆಯುವುದುಂಟು. ನಮ್ಮ ಮೈಯಲ್ಲಿ ಬಹುಪಾಲು ನೀರು. ಅದು ವೈ-ಫೈ ಅಲೆಗಳನ್ನು ಹೀರುತ್ತದೆ. ಸಾಲದ್ದಕ್ಕೆ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ. ಹತ್ತಾರು ಫೋನುಗಳ ಹಾಟ್‌ಸ್ಪಾಟ್ ಅಲ್ಲೇ ನುಗ್ಗಾಡುತ್ತವೆ. ಹೊತ್ತಾಗಿ ಬಂದ ತುಣುಕು ಕೆಲಸಕ್ಕೆ ಬಾರದು. ಆದ್ದರಿಂದ ಮಿರಾಕಾಸ್ಟ್ ಕಳೆದುಹೋದ ತುಣುಕಿಗೆ ಕಾಯದೆ ಮುಂದಕ್ಕೆ ಓಡುತ್ತದೆ. ಒಡೆದ ಚೌಕಗಳು ಆ ಕಳೆದ ತುಣುಕುಗಳ ಗುರುತು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು. ಅದು ಗೋಡೆ ದಾಟುವುದರಲ್ಲಿ ದುರ್ಬಲ ನಿಜ, ಆದರೆ ಒಂದೇ ಕೋಣೆಯ ಕೆಲಸಕ್ಕೆ ಅದು ಅನುಕೂಲವೇ: ಪಕ್ಕದ ಕೋಣೆಯ ಗದ್ದಲವೂ ಒಳಗೆ ಬರುವುದು ಕಡಿಮೆ. ಟಿವಿಗೆ ಮಿರಾಕಾಸ್ಟ್ ಹಿಡಿಯುವ ಡಾಂಗಲ್ ಹಾಕುವುದಾದರೆ ಅದು ಟಿವಿಯ ಬೆನ್ನಿಗೆ ಅಡಗದಂತೆ, ಕೂತವರ ತಲೆಗಿಂತ ಮೇಲೆ ಇರಲಿ.

ನನಗೆ ನಿಜವಾಗಿ ಕಳವಳವಿರುವುದು ಬೇರೆ ವಿಷಯದಲ್ಲಿ. ಫೋನಿನ ಪರದೆ ಹಂಚಿದರೆ ಅದರಲ್ಲಿ ಮೂಡುವುದೆಲ್ಲ ಟಿವಿಯಲ್ಲೂ ಮೂಡುತ್ತದೆ: ಮನೆಯವರ ವಾಟ್ಸ್‌ಆ್ಯಪ್ ಸಂದೇಶ, ಬ್ಯಾಂಕಿನ ಒಟಿಪಿ, ಫಲಾನುಭವಿಗಳ ಪಟ್ಟಿಯ ಜೊತೆ ಅವರ ಆಧಾರ್ ಸಂಖ್ಯೆ. ವಿಧವಾ ವೇತನ ಪಡೆಯುವ ತಾಯಿಯೊಬ್ಬಳ ಬ್ಯಾಂಕ್ ಖಾತೆ ನಂಬರು ಸಭೆಯ ಗೋಡೆಗೆ ಏರಬಾರದು. ಅದರ ಫೋಟೊ ತೆಗೆಯಲು ಅರೆಕ್ಷಣ ಸಾಕು. ಹಂಚುವ ಮೊದಲು ಫೋನನ್ನು ‘ಡು ನಾಟ್ ಡಿಸ್ಟರ್ಬ್’ಗೆ ಹಾಕಿ, ಪಟ್ಟಿಯ ಆ ಕಾಲಂ ಅಳಿಸಿದ ಪ್ರತಿಯನ್ನು ತೆರೆಯಬೇಕು. ಲ್ಯಾಪ್‌ಟಾಪ್‌ನಲ್ಲಾದರೆ ‘ಎಕ್ಸ್‌ಟೆಂಡ್’ ಆರಿಸಿಕೊಂಡು, ತೋರಿಸಬೇಕಾದದ್ದನ್ನಷ್ಟೇ ಟಿವಿಯ ಕಡೆ ಎಳೆಯಬಹುದು. ಟಿವಿಯಲ್ಲಿ ಪಿನ್ ಕೇಳುವ ವ್ಯವಸ್ಥೆ ಆನ್ ಆಗಿರಲಿ, ಇಲ್ಲದಿದ್ದರೆ ಕಿಟಕಿಯಾಚೆ ನಿಂತವರ ಫೋನೂ ಸಭೆಯ ಪರದೆಗೆ ಬಂದೀತು.