ದುಂಡು ಮೂಲೆ ಮತ್ತು ಒತ್ತಕ್ಷರ

ಯೆಣೆಗೂರ, ನಿಲಂಗಾ, ಉದಗೀರಗಳಂಥ ಗಡಿನೆಲದ ಓದುಗರಿಗಾಗಿ ಕನ್ನಡ, ಮರಾಠಿಗಳನ್ನು ಅಕ್ಕಪಕ್ಕ ಇರಿಸುವ ಜಾಲಪುಟದಲ್ಲಿ ಚೌಕಗಳ ಮೂಲೆ ದುಂಡಾಗಿಸುವಾಗ ಲಿಪಿಭೇದವನ್ನು ಗಮನಿಸಲೇಬೇಕು. ಸಿಎಸ್‌ಎಸ್‌ನ ‘ಬಾರ್ಡರ್-ರೇಡಿಯಸ್’ ಗುಣಕ್ಕೆ 24 ಪಿಕ್ಸೆಲ್ ಮೌಲ್ಯ ಕೊಟ್ಟರೆ ಪ್ರತಿ ಮೂಲೆಯಲ್ಲೂ ಅಷ್ಟು ತ್ರಿಜ್ಯದ ಕಾಲುವೃತ್ತ ಮೂಡುತ್ತದೆ. ಈ ಗುಣ ಹಿನ್ನೆಲೆಯನ್ನೂ ಅಂಚುಗೆರೆಯನ್ನೂ ಬಾಗಿಸುತ್ತದೆ, ಅಕ್ಷರವನ್ನು ಮುಟ್ಟದು. ಜೊತೆಗೆ ‘ಓವರ್‌ಫ್ಲೋ: ಹಿಡನ್’ ಸೇರಿದರೆ ಬಾಗಿನ ಹೊರಗಿರುವುದೆಲ್ಲ ಮರೆಯಾಗುತ್ತದೆ.

ಕನ್ನಡದ ತೊಡಕು ಇರುವುದು ಇಲ್ಲೇ. ದೇವನಾಗರಿಯ ‘ಸ್ವರ’ದಲ್ಲಿ ಅರ್ಧ ಸಕಾರ ವಕಾರದ ಪಕ್ಕದಲ್ಲಿ ನಿಲ್ಲುತ್ತದೆ, ಕನ್ನಡದಲ್ಲಿ ವಕಾರ ಒತ್ತಾಗಿ ಸಾಲಿನ ಕೆಳಗಿಳಿಯುತ್ತದೆ. ಕೆಳಗಿನ ಎಡಮೂಲೆಯಲ್ಲಿ ಆ ಒತ್ತು ಕತ್ತರಿಸಿಹೋದರೆ ‘ಸ್ವರ’ ‘ಸರ’ವಾಗುತ್ತದೆ. ಮರಾಠಿ ಅಂಕಣವನ್ನಷ್ಟೇ ಪರೀಕ್ಷಿಸಿದವರಿಗೆ ಈ ದೋಷ ಕಾಣದು. ‘ಯೆಣೆಗೂರ’ ಎಂದು ಬರೆದು ನೋಡಿದರೂ ಸಾಲದು (ಅದರಲ್ಲಿ ಒತ್ತೇ ಇಲ್ಲ), ‘ಅಕ್ಕಲಕೋಟೆ’ ಬೇಕು.

ಪರಿಹಾರದ ಲೆಕ್ಕ ಸುಲಭ. ‘ಪ್ಯಾಡಿಂಗ್’, ಅಂದರೆ ಒಳಗಿನ ಖಾಲಿ ಜಾಗ, ತ್ರಿಜ್ಯದ 0.3ರಷ್ಟಿದ್ದರೆ ಪಠ್ಯದ ಆಯತ ಬಾಗಿನೊಳಗೇ ಉಳಿಯುತ್ತದೆ. 24 ಪಿಕ್ಸೆಲ್ ತ್ರಿಜ್ಯಕ್ಕೆ 8 ಪಿಕ್ಸೆಲ್ ಸಾಕು. ಒತ್ತು ಆ ಆಯತದಿಂದಲೇ ಕೆಳಕ್ಕೆ ಚಾಚುವ ಫಾಂಟುಗಳಲ್ಲಿ ‘ಲೈನ್-ಹೈಟ್’ ಅನ್ನೂ ಏರಿಸಬೇಕಾಗುತ್ತದೆ.